ಕೋಟು ಕಾಯುವ ಕೆಲಸ

ಬ್ಯಾಂಕಿನ ಕೆಳಮಹಡಿಯಲ್ಲಿ ನನ್ನದೊಂದು ಕಿಟಕಿ.
ಚಳಿ ಹಿಡಿದಂದಿನಿಂದ ಹಿಮ ಕರಗುವ ತನಕ
ಬಂದವರ ಕೋಟು ಇಸಕೊಂಡು ಹಿತ್ತಾಳೆ ಬಿಲ್ಲೆ ಕೊಡುತ್ತೇನೆ.
ಗೂಟ ನೂರಾ ಇಪ್ಪತ್ತು, ಬಿಲ್ಲೆ ನೂರಾ ಹದಿನೇಳು;
ಮೂರು ಯಾರದೋ ಜೇಬಲ್ಲಿ ಕೂತು
ಉಲಾನ್‌ಬಾತರ್ ಸುತ್ತುತ್ತಿವೆ.

ಇಂಟರ್‌ವ್ಯೂ ದಿನ ನೋಡಬೇಕು.
ಹೊರಗೆ ಮೈನಸ್ ಮೂವತ್ತೊಂದು.
ಉಣ್ಣೆ, ತೊಗಲು, ಎರಡೆರಡು ಜೊತೆ ಕಾಲುಚೀಲ
ಒಂದೊಂದಾಗಿ ಸುಲಿದು ನನ್ನ ಕಟ್ಟೆಯ ಮೇಲಿಟ್ಟು
ಚೀಲದಿಂದ ಹೀಲ್ಸ್ ತೆಗೆದು
ಒಂಟಿಗಾಲಲ್ಲಿ ಕೊಕ್ಕರೆಯಾಗುತ್ತಾರೆ.
ಸುಲಿದ ಮೇಲೆ ಉಳಿಯುವವರು ಎಲ್ಲ ಒಂದೇ ಥರ:
ಕಪ್ಪು ಸೂಟು, ಬಿಳಿ ಅಂಗಿ,
ಬೆಲೆಚೀಟಿ ಕಿತ್ತ ಜಾಗದಲ್ಲಿ ಪುಟ್ಟದೊಂದು ದಾರ.
ಆ ದಾರ ಕತ್ತರಿಸಿ ಕಳಿಸುತ್ತೇನೆ. ಕತ್ತರಿ ನನ್ನದೇ.
ಸಂಬಳದಲ್ಲಿ ಅದು ಸೇರಿಲ್ಲ.

ಇವತ್ತು ಮೊದಲು ಬಂದವಳು ಝೊಲ್ಜಾಯಾ.
ಸೂಟು ಚಿಕ್ಕಮ್ಮನ ಮಗಳದು, ತೋಳು ಉದ್ದ;
ಒಳಗೆ ಮಡಚಿ ಹೊಲಿದಿದ್ದಾಳೆ. ಎಡಗೈಯಲ್ಲಿ ಕರಿದಾರ ಮುಗಿದು
ನೀಲಿ ಶುರುವಾಗಿದೆ.
"ಎಡಗೈ ಮೇಜಿನ ಕೆಳಗಿಟ್ಟುಕೋ" ಅಂದೆ.
ನಗಲಿಲ್ಲ. ಕಿಟಕಿಯೊಳಗೆ ಕುತ್ತಿಗೆ ತೂರಿಸಿ ಪಿಸುಗುಟ್ಟಿದಳು:
"ಅಕ್ಕಾ, ನನ್ನ ಮೈ ಹೊಗೆ ನಾರುತ್ತಿದೆಯಾ?"

ಗುಡ್ಡದ ಮೇಲಿನ ಡೇರೆಮನೆಯವಳು. ಒಲೆಗೆ ಕಲ್ಲಿದ್ದಲು.
ಸೂಟನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ
ರಾತ್ರಿಯಿಡೀ ಹೊರಗೆ ನೇತುಹಾಕಿದ್ದಳಂತೆ;
ಬೆಳಿಗ್ಗೆ ಪ್ಯಾಂಟು ಸೆಟೆದು ತಾನೇ ನಿಂತಿತ್ತಂತೆ,
ಒಳಗೆ ಯಾರೋ ಇದ್ದ ಹಾಗೆ.
ಆದರೆ ಹೊರಗೆ ಎಂದರೆ ಎಲ್ಲಿ?
ಮನೆಯೊಳಗೆ ಒಂದು ಒಲೆ,
ಹೊರಗೆ ಗುಡ್ಡಕ್ಕೆ ಗುಡ್ಡವೇ ಒಲೆ.

ಕಾಲರು ಮೂಸಿದೆ, ತೋಳು, ಕೂದಲು.
ಏನೂ ಇಲ್ಲ ಅಂದೆ. ಮುಖ ಅರಳಿತು.
ಆಮೇಲೆ ನಿಧಾನಕ್ಕೆ ಕೇಳಿದಳು: "ನಿಮ್ಮ ಮನೆ ಎಲ್ಲಿ?"
"ಚಿಂಗೆಲ್ತೇ. ಬಸ್ಸಿನ ಕೊನೇ ನಿಲ್ದಾಣದಿಂದ ಇನ್ನೂ ಮೇಲಕ್ಕೆ."
ಇಬ್ಬರೂ ಸುಮ್ಮನಾದೆವು.
ಒಲೆಯ ಹತ್ತಿರ ಹೋಗಿ
ಹೊಗೆಯ ವಿಚಾರ ಕೇಳಿದ್ದಳು ಹುಡುಗಿ.

ಬಾಗಿಲು ಕಾಯುವ ಗನ್‌ಸುಖ್‌ನನ್ನು ಕೂಗಿದೆ.
ಅವನು ಏಳನೇ ಮಹಡಿಯವನು,
ಬಿಸಿನೀರಿನ ಪೈಪು ಗೋಡೆಯೊಳಗೇ ಬರುತ್ತದೆ ಅವನಿಗೆ.
"ಬಾರೋ, ಇವಳನ್ನು ಮೂಸು." ಕಿವಿತನಕ ಕೆಂಪಾದ.
ಆಮೇಲೆ ಟೋಪಿ ತೆಗೆದು,
ನಮ್ಮಲ್ಲಿ ಅಜ್ಜಂದಿರು ಮೊಮ್ಮಕ್ಕಳ ನೆತ್ತಿ ಮೂಸಿ ಮುದ್ದಿಸುವಂತೆ
ಬಾಗಿ ಉಸಿರೆಳೆದ.
ಸುಳ್ಳು ಹೇಳಲು ಬಾರದ ಪ್ರಾಣಿ.
"ಕೂದಲಲ್ಲಿ ಸ್ವಲ್ಪ" ಅಂದ. ತಡೆದು, "ಸ್ವಲ್ಪ ಜಾಸ್ತಿಯೇ."

ಹದಿಮೂರು ನಿಮಿಷವಿತ್ತು. ನೌಕರರ ಬಚ್ಚಲಿನ ಬೀಗ ತೆಗೆದೆ.
ಕೈ ತೊಳೆಯುವ ಕಿತ್ತಳೆ ಸೋಪು ತಲೆಗೆ;
ಕೈ ಒಣಗಿಸುವ ಯಂತ್ರದ ಕೆಳಗೆ ಮಂಡಿಯೂರಿದಳು
ಪ್ರಾರ್ಥನೆಗೆ ಕೂತವಳಂತೆ, ಸೂಟಿನ ಮೇಲೆ ನನ್ನ ಏಪ್ರನ್.
ಅರೆ ಒದ್ದೆ ಕೂದಲಲ್ಲೇ ಲಿಫ್ಟು ಹತ್ತಿದಳು.
ಬಚ್ಚಲಲ್ಲಿ ಉಳಿದ ನೀರು ಬೂದಿ ಬಣ್ಣಕ್ಕಿತ್ತು.

ಗುಡ್ಡದವರ ಕೋಟು ಕೊನೇ ಸಾಲಿನಲ್ಲಿ, ಮೋರಿ ಪೈಪಿನ ಪಕ್ಕ,
ಬೇರೆ ಹಾಕಬೇಕೆಂದು ಮೊದಲ ದಿನವೇ ಹೇಳಿದ್ದರು.
ಹನ್ನೊಂದು ವರ್ಷ ಹಾಗೇ ಹಾಕಿದ್ದೇನೆ.
ಮೂಗಿನಿಂದಲ್ಲ, ಕಾಲರಿಗೆ ಅಂಟಿದ ಮಸಿಯಿಂದ ಗುರುತು.
ನನ್ನ ಕೋಟೂ ಅಲ್ಲೇ ತೂಗುತ್ತದೆ.
ಇವತ್ತು ಅವಳದನ್ನು ಎರಡನೇ ಗೂಟಕ್ಕೆ ಹಾಕಿದೆ,
ಡೈರೆಕ್ಟರರ ಒಂಟೆಯುಣ್ಣೆ ಕೋಟಿಗೆ ಭುಜ ತಾಗಿಸಿ.
ಒಂದು ಗಂಟೆಗೆ ಅವರು ಊಟಕ್ಕೆ ಹೊರಟರು. ಕೋಟು ತೊಟ್ಟು
ಒಂದು ಕ್ಷಣ ನಿಂತರು. ನನ್ನನ್ನು ನೋಡಿದರು.
ನಾನು ಗೂಟ ಎಣಿಸುತ್ತಿದ್ದೆ.

ಅವಳು ಅದಕ್ಕೂ ಮೊದಲೇ ಇಳಿದು ಬಂದಿದ್ದಳು.
ಮುಖ ನೋಡಿದರೆ ಏನೂ ತಿಳಿಯಲಿಲ್ಲ, ಕೇಳಲಿಲ್ಲ.
ಕಾಲುಚೀಲ, ಬೂಟು, ಉಣ್ಣೆ, ತೊಗಲು,
ಮತ್ತೆ ದಪ್ಪಗಾಗಿ ಬಾಗಿಲು ದೂಡಿಕೊಂಡು ಹೋದಳು.
ಬಿಲ್ಲೆ ಕೇಳುವುದನ್ನು ಮರೆತೆ.

ಈಗ ನಾಲ್ಕು.